ದಡಕ್ಕೆ ಒಂದು ಮೈಲಿ: ಏಂಜೆಲ್ ದ್ವೀಪದ ನೆಲ, ಚರಿತ್ರೆ ಮತ್ತು ಆರ್ಥಿಕತೆ

ಶಾಂತಸಾಗರದಿಂದ ಗೋಲ್ಡನ್ ಗೇಟ್ ಎಂಬ ಇಕ್ಕಟ್ಟಾದ ಜಲಮಾರ್ಗವನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯೊಳಗೆ ಬರುವ ಹಡಗುಗಳಿಗೆ ಎಡಬದಿಯಲ್ಲಿ ಕಾಣಿಸುವ ಏಂಜೆಲ್ ದ್ವೀಪವು ಸುಮಾರು 740 ಎಕರೆ ವಿಸ್ತೀರ್ಣದ, ನಾಲ್ಕೂ ಕಡೆ ಕಡಿದಾಗಿ ನೀರಿಗಿಳಿಯುವ ಒಂದು ಗುಡ್ಡವಾಗಿದೆ. ಹತ್ತಿರದಲ್ಲೇ ಇರುವ, ಇದರ ಮೂವತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲದ ಆಲ್ಕಟ್ರಾಜ್ ಬಂಡೆಯು ತನ್ನ ಸೆರೆಮನೆಯಿಂದಾಗಿ ಲೋಕಪ್ರಸಿದ್ಧವಾಗಿದ್ದರೆ, ಗಾತ್ರದಲ್ಲಿ ಹಿರಿದೂ ಚರಿತ್ರೆಯಲ್ಲಿ ಹೆಚ್ಚು ಸಂಕೀರ್ಣವೂ ಆದ ಏಂಜೆಲ್ ದ್ವೀಪದ ಹೆಸರು ಭಾರತೀಯ ಓದುಗರಿಗೆ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿದಿದೆ. ಈ ಅಪರಿಚಯ ಸಲ್ಲದು. ಏಕೆಂದರೆ 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪಶ್ಚಿಮ ತೀರಕ್ಕೆ ಬಂದ ಭಾರತೀಯರಲ್ಲಿ ಸಾವಿರಾರು ಜನರ ಭವಿಷ್ಯ ತೀರ್ಮಾನವಾದದ್ದು ಇದೇ ನೆಲದ ಮೇಲೆ. ದ್ವೀಪದ ಭೂಗೋಳ, ಚರಿತ್ರೆ ಮತ್ತು ಆರ್ಥಿಕತೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇಲ್ಲಿಗೆ ಹಣ, ಕಟ್ಟಡ ಮತ್ತು ಜನರನ್ನು ತಂದದ್ದು ಇಲ್ಲಿ ಬೆಳೆದ ಯಾವ ವಸ್ತುವೂ ಅಲ್ಲ; ಮಹಾನಗರದ ಕಣ್ಣಳತೆಯಲ್ಲಿ ಇದ್ದೂ ನೀರಿನಿಂದ ಬೇರ್ಪಟ್ಟಿರುವ ಅದರ ಸ್ಥಾನ. ನಗರವು ತನ್ನೊಳಗೆ ಒಮ್ಮೆಗೇ ಬಿಟ್ಟುಕೊಳ್ಳಲು ಹಿಂಜರಿದವರನ್ನು ಇರಿಸಿಕೊಳ್ಳುವುದೇ ಬಹುಕಾಲ ಈ ದ್ವೀಪದ ಕಸುಬಾಗಿತ್ತು.

ಭೂವಿಜ್ಞಾನದ ದೃಷ್ಟಿಯಿಂದ ಈ ಗುಡ್ಡವು ಫ್ರಾನ್ಸಿಸ್ಕನ್ ಶಿಲಾಸಮೂಹ ಎಂದು ಕರೆಯಲಾಗುವ, ಕ್ಯಾಲಿಫೋರ್ನಿಯಾದ ಕರಾವಳಿಯುದ್ದಕ್ಕೂ ಹರಡಿರುವ ಕಲಬೆರಕೆ ಬಂಡೆಗಳ ಒಂದು ತುಣುಕು. ಸಾಗರತಳದ ಭೂಫಲಕವು ಖಂಡದ ಫಲಕದ ಅಡಿಗೆ ಜಾರಿ ಇಳಿಯುವಾಗ ಅದರ ಮೇಲಿನ ಮರಳುಗಲ್ಲು, ಲಾವಾ ಮತ್ತು ಕೆಸರು ಕೆರೆದು ಬಂದು ಅಂಚಿನಲ್ಲಿ ರಾಶಿ ಬಿದ್ದು, ಕೆಲವು ಭಾಗಗಳು ಆಳಕ್ಕೆ ಹೋಗಿ ಮತ್ತೆ ಮೇಲೆ ಬಂದವು. ಒತ್ತಡ ವಿಪರೀತವಾಗಿದ್ದು ಉಷ್ಣತೆ ಮಾತ್ರ ಅಷ್ಟಾಗಿ ಏರದ ಅಂಥ ಆಳದಲ್ಲಿ ಮಾತ್ರ ರೂಪುಗೊಳ್ಳುವ, ಗ್ಲಾಕೊಫೇನ್ ಎಂಬ ಖನಿಜದಿಂದಾಗಿ ನೀಲಿ ಛಾಯೆ ಪಡೆದ ಪದರಶಿಲೆ ಇಲ್ಲಿ ದೊರೆಯುತ್ತದೆ. ಹಸಿರು ಮಿಶ್ರಿತ ನುಣುಪಾದ ಸರ್ಪೆಂಟೈನ್ ಶಿಲೆಯೂ ಇದೆ. ಎಫ್. ಲೆಸ್ಲಿ ರ‍್ಯಾನ್ಸಮ್ ಎಂಬ ಭೂವಿಜ್ಞಾನಿ 1894ರಷ್ಟು ಹಿಂದೆಯೇ ಈ ಪುಟ್ಟ ದ್ವೀಪದ ಶಿಲೆಗಳ ಕುರಿತು ಪ್ರತ್ಯೇಕ ಅಧ್ಯಯನವನ್ನು ಪ್ರಕಟಿಸಿದ್ದರು. ಇದು ಮೊದಲಿನಿಂದಲೂ ದ್ವೀಪವಾಗಿರಲಿಲ್ಲ. ಹಿಮಯುಗದಲ್ಲಿ ಕಡಲಮಟ್ಟ ನೂರಾರು ಅಡಿ ಕೆಳಗಿದ್ದಾಗ ಇಂದಿನ ಕೊಲ್ಲಿಯು ನದಿ ಹರಿಯುತ್ತಿದ್ದ ಕಣಿವೆಯಾಗಿತ್ತು; ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಹಿಮ ಕರಗಿ ನೀರು ಏರಿದಾಗ ಕಣಿವೆ ಮುಳುಗಿ ಗುಡ್ಡದ ತಲೆ ಮಾತ್ರ ಹೊರಗುಳಿಯಿತು. ಉತ್ತರದ ಟಿಬುರಾನ್ ಪರ್ಯಾಯದ್ವೀಪದಿಂದ ಇದನ್ನು ಬೇರ್ಪಡಿಸುವ ರಕೂನ್ ಜಲಸಂಧಿಯ ಅಗಲ ಒಂದು ಮೈಲಿಗಿಂತ ಕಡಿಮೆ. ಆದರೆ ಉಬ್ಬರ ಇಳಿತಗಳ ವೇಳೆ ಅಲ್ಲಿನ ಸೆಳೆತ ಪ್ರಬಲವಾಗಿದ್ದು, ನೀರು ವರ್ಷವಿಡೀ ತಣ್ಣಗಿರುವುದರಿಂದ ಈ ಅಲ್ಪ ಅಂತರವೇ ಗಟ್ಟಿಯಾದ ಬೇಲಿಯಂತೆ ಕೆಲಸ ಮಾಡಿದೆ. ದ್ವೀಪದ ಬಹುಭಾಗ ಮರಿನ್ ಕೌಂಟಿಗೆ, ಎಂದರೆ ಆ ಹೆಸರಿನ ಜಿಲ್ಲಾಡಳಿತಕ್ಕೆ ಸೇರಿದ್ದು, ಪೂರ್ವದ ಒಂದು ಸಣ್ಣ ಅಂಚು ಮಾತ್ರ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯೊಳಗೆ ಬರುತ್ತದೆ.

ಗೋಲ್ಡನ್ ಗೇಟ್ ಮೂಲಕ ನುಗ್ಗುವ ಗಾಳಿ ಮತ್ತು ಮಂಜನ್ನು ನೇರವಾಗಿ ಎದುರಿಸುವ ಪಶ್ಚಿಮ ಹಾಗೂ ದಕ್ಷಿಣದ ಇಳಿಜಾರುಗಳಲ್ಲಿ ಹುಲ್ಲು ಮತ್ತು ಕುರುಚಲು ಪೊದೆಗಳು ಹೆಚ್ಚಾಗಿದ್ದರೆ, ಮರೆಯಲ್ಲಿರುವ ಉತ್ತರದ ಮಗ್ಗುಲಲ್ಲಿ ಓಕ್, ಬೇ ಲಾರೆಲ್ ಮತ್ತು ಮಡ್ರೋನ್ ಮರಗಳು ದಟ್ಟವಾಗಿವೆ. 788 ಅಡಿ ಎತ್ತರದ ಶಿಖರಕ್ಕೆ, ದ್ವೀಪವನ್ನು ಉಳಿಸಲು ಹೋರಾಡಿದ ಮರಿನ್ ಪ್ರದೇಶದ ಪರಿಸರವಾದಿ ಕ್ಯಾರೊಲಿನ್ ಲಿವರ್‌ಮೋರ್ ಅವರ ಹೆಸರನ್ನು ಇಡಲಾಗಿದೆ. ನೆಲ ಕೊರೆದು ಬದುಕುವ ಮೋಲ್ ಎಂಬ ಪುಟ್ಟ ಸಸ್ತನಿಯ ಒಂದು ಉಪಪ್ರಭೇದವು ಈ ದ್ವೀಪಕ್ಕೇ ವಿಶಿಷ್ಟವಾಗಿರುವುದು ಪ್ರತ್ಯೇಕತೆಯ ಜೈವಿಕ ಪರಿಣಾಮಕ್ಕೆ ಒಳ್ಳೆಯ ಸಾಕ್ಷಿ.

ಮೊದಲ ಮನುಷ್ಯರು ಕೋಸ್ಟ್ ಮಿವೊಕ್ ಜನಾಂಗದವರು. ಟೂಲಿ ಎಂಬ ಜೊಂಡನ್ನು ಕಟ್ಟುಕಟ್ಟಾಗಿ ಬಿಗಿದು ಮಾಡಿದ ದೋಣಿಗಳಲ್ಲಿ ಜಲಸಂಧಿಯನ್ನು ದಾಟಿ ಬರುತ್ತಿದ್ದ ಅವರು ಮೀನು, ಸೀಲ್, ಜಿಂಕೆಗಳನ್ನು ಬೇಟೆಯಾಡಿ, ಓಕ್ ಮರದ ಕಾಯಿಗಳನ್ನು ಆಯ್ದು ಆಹಾರ ಮಾಡಿಕೊಳ್ಳುತ್ತಿದ್ದರು. ಅವರು ಬೀಡುಬಿಟ್ಟಿದ್ದ ಕಡಲಂಚಿನ ತೋಡುಗಳಲ್ಲಿಯೇ ಮುಂದೆ ಸೈನ್ಯವೂ ಸರ್ಕಾರವೂ ಕಟ್ಟಡ ಕಟ್ಟಿದವು. 1775ರ ಆಗಸ್ಟ್ ತಿಂಗಳಲ್ಲಿ ಸ್ಪೇನಿನ ನೌಕಾಧಿಕಾರಿ ಹುವಾನ್ ಮನುಯೆಲ್ ದೆ ಅಯಾಲ, ಕೊಲ್ಲಿಯನ್ನು ಪ್ರವೇಶಿಸಿದ ಮೊದಲ ಐರೋಪ್ಯ ಹಡಗಾದ ಸ್ಯಾನ್ ಕಾರ್ಲೋಸ್ ಅನ್ನು ಇಲ್ಲಿ ಲಂಗರು ಹಾಕಿಸಿ, ದ್ವೀಪಕ್ಕೆ ದೇವದೂತರ ಹೆಸರಿಟ್ಟರು. ಪಿಸ್ತೂಲು ಆಕಸ್ಮಿಕವಾಗಿ ಸಿಡಿದು ಅಯಾಲರ ಕಾಲಿಗೆ ಗಾಯವಾಗಿದ್ದುದರಿಂದ, ದೋಣಿಯಲ್ಲಿ ಸುತ್ತಾಡಿ ಕೊಲ್ಲಿಯ ಮೊದಲ ನಕ್ಷೆಯನ್ನು ಸಿದ್ಧಪಡಿಸುವ ಹೊಣೆ ಚುಕ್ಕಾಣಿಗ ಹೊಸೆ ದೆ ಕನಿಸಾರೆಸ್ ಪಾಲಿಗೆ ಬಂದಿತು. ಹಡಗು ತಂಗಿದ್ದ ತೋಡನ್ನು ಈಗ ಅಯಾಲ ಕೋವ್ ಎನ್ನುತ್ತಾರೆ. ಇಂದಿಗೂ ದ್ವೀಪದ ಮುಖ್ಯ ಧಕ್ಕೆ ಅದೇ.

ಕ್ಯಾಲಿಫೋರ್ನಿಯಾವು ಮೆಕ್ಸಿಕೊ ಆಳ್ವಿಕೆಯಲ್ಲಿದ್ದಾಗ, 1839ರಲ್ಲಿ ಅಂತೋನಿಯೊ ಮರಿಯಾ ಓಸಿಯೊ ಎಂಬವರಿಗೆ ದ್ವೀಪವನ್ನು ಉಂಬಳಿಯಾಗಿ ನೀಡಲಾಯಿತು. ಅವರು ಇಲ್ಲಿ ದನಗಳನ್ನು ಮೇಯಲು ಬಿಟ್ಟರೇ ಹೊರತು ತಾವು ಬಂದು ನೆಲೆಸಲಿಲ್ಲ. ಅಮೆರಿಕ ಈ ಪ್ರಾಂತವನ್ನು ವಶಪಡಿಸಿಕೊಂಡ ಮೇಲೆ ನಡೆದ ಮೊಕದ್ದಮೆಯಲ್ಲಿ ಓಸಿಯೊ ಅವರ ಹಕ್ಕು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಿದ್ದುಹೋಯಿತು, ನೆಲ ಸರ್ಕಾರದ್ದಾಯಿತು. ನಗರದ ಕಾನೂನು ಸುಲಭವಾಗಿ ತಲುಪದ ಜಾಗವೆಂಬ ಕಾರಣಕ್ಕೆ ಇಲ್ಲಿ ದ್ವಂದ್ವಯುದ್ಧಗಳೂ ನಡೆದವು: ಗುಲಾಮಗಿರಿಯ ಪ್ರಶ್ನೆಯಿಂದ ಹುಟ್ಟಿದ ಜಗಳದಲ್ಲಿ, ರಾಜ್ಯದ ಸೆನೆಟ್ ಸದಸ್ಯ ವಿಲಿಯಂ ಫರ್ಗುಸನ್ 1858ರಲ್ಲಿ ಇಲ್ಲಿ ಗುಂಡೇಟು ತಿಂದು ಬಳಿಕ ಸತ್ತರು. ನೆಲದಿಂದ ನೇರವಾಗಿ ತೆಗೆದು ಮಾರಿದ ಒಂದೇ ಸರಕು ಕಲ್ಲು. ಚಿನ್ನದ ಬೇಟೆಯಿಂದ ದಿಢೀರನೆ ಬೆಳೆದ ಸ್ಯಾನ್ ಫ್ರಾನ್ಸಿಸ್ಕೊಗೆ ಕಟ್ಟಡದ ಕಲ್ಲು ಬೇಕಾಗಿದ್ದಾಗ, ಪೂರ್ವ ತೀರದ ಮರಳುಗಲ್ಲಿನ ಕ್ವಾರಿಯಿಂದ ಕಡಿದ ಕಲ್ಲನ್ನು ದೋಣಿಗೆ ಹೇರಿ ಸಾಗಿಸಲಾಯಿತು; ಭಾರವಾದ ಸರಕಿಗೆ ಜಲಮಾರ್ಗವೇ ಅಗ್ಗವಾದ್ದರಿಂದ ದ್ವೀಪದ ಸ್ಥಾನ ಇಲ್ಲಿ ಅನುಕೂಲಕ್ಕೆ ಬಂತು.

ಅಮೆರಿಕದ ಅಂತರ್ಯುದ್ಧದ ನಡುವೆ, ದಕ್ಷಿಣದವರ ಹಡಗುಗಳು ಚಿನ್ನದ ಬಂದರಿನ ಮೇಲೆ ದಾಳಿ ಮಾಡಬಹುದೆಂಬ ಭಯದಿಂದ, 1863ರಲ್ಲಿ ಪಶ್ಚಿಮ ತೀರದಲ್ಲಿ ಕ್ಯಾಂಪ್ ರೆನಾಲ್ಡ್ಸ್ ಎಂಬ ಸೇನಾಠಾಣೆ ಸ್ಥಾಪನೆಯಾಯಿತು. ದಾಳಿ ನಡೆಯಲಿಲ್ಲ, ಠಾಣೆ ಉಳಿಯಿತು. ಶತಮಾನದ ಕೊನೆಯಲ್ಲಿ ಕಟ್ಟಿದ ಕಾಂಕ್ರೀಟಿನ ಫಿರಂಗಿ ನೆಲೆಗಳೂ ಯುದ್ಧದಲ್ಲಿ ಒಂದು ಗುಂಡನ್ನೂ ಹಾರಿಸದೆ ಹಳತಾದವು. ಆದರೂ ಇಡೀ ದ್ವೀಪಕ್ಕೆ 1900ರಲ್ಲಿ ಫೋರ್ಟ್ ಮೆಕ್‌ಡೊವೆಲ್ ಎಂಬ ಹೆಸರು ಬಂದು, ಫಿಲಿಪ್ಪೀನ್ಸ್ ಮುಂತಾದ ಕಡೆಗೆ ಹೋಗುವ ಮತ್ತು ಅಲ್ಲಿಂದ ಮರಳುವ ಸೈನಿಕರನ್ನು ತಪಾಸಿಸಿ, ದಾಖಲಿಸಿ, ಮುಂದಕ್ಕೆ ಕಳಿಸುವ ಕೇಂದ್ರವಾಗಿ ಅದು ಬೆಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಸುಮಾರು ಮೂರು ಲಕ್ಷ ಸೈನಿಕರು ಇಲ್ಲಿಂದ ಶಾಂತಸಾಗರದ ರಣರಂಗಕ್ಕೆ ಹೊರಟರು. ಕಾವಲಿಗೆಂದು ಬಂದ ಸೈನ್ಯವೂ ಕಡೆಗೆ ಜನರನ್ನು ತಡೆದು, ಎಣಿಸಿ, ಬಿಡುವ ಕೆಲಸವನ್ನೇ ಮಾಡಿತೆಂಬುದು ಗಮನಾರ್ಹ.

ರೋಗದ ಭಯವೂ ಇದೇ ದಾರಿ ಹಿಡಿಯಿತು. 1891ರಲ್ಲಿ ಅಯಾಲ ಕೋವ್‌ನಲ್ಲಿ ಕ್ವಾರಂಟೈನ್ ಠಾಣೆ, ಎಂದರೆ ಸಾಂಕ್ರಾಮಿಕ ರೋಗದ ಶಂಕೆಯಿರುವ ಹಡಗು ಮತ್ತು ಪ್ರಯಾಣಿಕರನ್ನು ನಿಗದಿತ ಅವಧಿಯವರೆಗೆ ಪ್ರತ್ಯೇಕವಾಗಿ ಇರಿಸುವ ಕೇಂದ್ರ, ಆರಂಭವಾಯಿತು. ಸಿಡುಬು, ಪ್ಲೇಗುಗಳಿಗೆ ಹೆದರಿದ ಅಧಿಕಾರಿಗಳು ಹಡಗಿನ ಒಡಲಿಗೆ ಗಂಧಕದ ಹೊಗೆ ಹಾಕಿಸುತ್ತಿದ್ದರು. ಪ್ರಯಾಣಿಕರ ಗಂಟುಮೂಟೆಗಳನ್ನು ಭಾರಿ ಉಕ್ಕಿನ ಕೊಳವೆಗಳೊಳಗೆ ತಳ್ಳಿ ಬಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಆ ಹಬೆ ಬರುತ್ತಿದ್ದದ್ದು ಒಮಾಹಾ ಎಂಬ ನಿವೃತ್ತ ಯುದ್ಧನೌಕೆಯ ಬಾಯ್ಲರ್‌ನಿಂದ. ಬಂದರಿನ ಹೊಸ್ತಿಲಲ್ಲಿರುವ ದ್ವೀಪಗಳನ್ನು ಪ್ರಭುತ್ವಗಳು ಹೀಗೆ ಕಾಯಿಸುವ ಜಾಗವಾಗಿ ಬಳಸುವುದು ಕನ್ನಡ ಕರಾವಳಿಗೂ ಹೊಸದಲ್ಲ. ಕಾರವಾರದ ಬಳಿಯ ಅಂಜದೀವದಲ್ಲಿ, ಮುಂಬಯಿಯನ್ನು ಪೋರ್ಚುಗೀಸರಿಂದ ಪಡೆಯಲು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್ ತನ್ನ ನೂರಾರು ಇಂಗ್ಲಿಷ್ ಸೈನಿಕರೊಂದಿಗೆ ಅನುಮತಿಗಾಗಿ ಕಾಯುತ್ತ ಕುಳಿತು, 1664ರಲ್ಲಿ ಅಲ್ಲಿಯೇ ಸತ್ತನು. ಮುಂಬಯಿ ಕೈಸೇರುವ ಹೊತ್ತಿಗೆ ಆ ಪಡೆಯ ಬಹುಪಾಲು ಜನ ರೋಗಕ್ಕೆ ಬಲಿಯಾಗಿದ್ದರು.

ಏಂಜೆಲ್ ದ್ವೀಪದ ಚರಿತ್ರೆಯಲ್ಲಿ ಅತ್ಯಂತ ಭಾರವಾದ ಅಧ್ಯಾಯ 1910ರ ಜನವರಿ 21ರಂದು ಈಶಾನ್ಯದ ಚೀನಾ ಕೋವ್‌ನಲ್ಲಿ ತೆರೆದ ವಲಸೆ ಠಾಣೆಯದು. ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿದ 1882ರ ಕಾನೂನಿನಡಿಯಲ್ಲಿ ವ್ಯಾಪಾರಿಗಳು, ವಿದ್ಯಾರ್ಥಿಗಳು ಮತ್ತು ಅಮೆರಿಕದ ಪೌರರ ಮಕ್ಕಳಂಥ ಕೆಲವರಿಗೆ ಮಾತ್ರ ಅವಕಾಶವಿತ್ತು. ಅವರನ್ನು ಮೊದಲು ನಗರದ ಧಕ್ಕೆಯ ಮೇಲಿನ ಹಡಗು ಕಂಪನಿಯ ಒಂದು ಕೊಳಕು ಶೆಡ್ಡಿನಲ್ಲಿ ಕೂಡಿಹಾಕಲಾಗುತ್ತಿತ್ತು. ಆ ಶೆಡ್ಡಿನ ಬದಲಿಗೆ ದ್ವೀಪವನ್ನು ಆರಿಸಲು ಅಧಿಕಾರಿಗಳು ನೀಡಿದ ಕಾರಣಗಳು ಮುಚ್ಚುಮರೆಯಿಲ್ಲದವು: ಇಲ್ಲಿಂದ ತಪ್ಪಿಸಿಕೊಳ್ಳಲಾಗದು, ರೋಗ ನಗರಕ್ಕೆ ಹರಡದು, ನಗರದ ಚೈನಾಟೌನಿನ ಬಂಧುಗಳು ಬಂದವರ ಕಿವಿಯಲ್ಲಿ ಉತ್ತರಗಳನ್ನು ಹೇಳಿಕೊಡಲಾಗದು. ಈ ಠಾಣೆಯನ್ನು ಪೂರ್ವ ತೀರದ ಎಲ್ಲಿಸ್ ದ್ವೀಪದ ಜೋಡಿಯೆಂದು ವರ್ಣಿಸುವುದುಂಟು. ಆ ವರ್ಣನೆ ಸತ್ಯಕ್ಕೆ ದೂರ. ಎಲ್ಲಿಸ್ ದ್ವೀಪದಲ್ಲಿ ಬಹುಪಾಲು ಯೂರೋಪಿಯನ್ನರು ಕೆಲವೇ ಗಂಟೆಗಳಲ್ಲಿ ಪರೀಕ್ಷೆ ಮುಗಿಸಿ ಹೊರಬರುತ್ತಿದ್ದರೆ, ಇಲ್ಲಿ ಚೀನೀಯರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಬಂಧನದಲ್ಲಿದ್ದರು. ಯೂರೋಪಿಯನ್ನರು ಮತ್ತು ಏಷ್ಯನ್ನರಿಗೆ ವಾಸ, ಊಟ ಎಲ್ಲವೂ ಬೇರೆ ಬೇರೆ ಆಗಿದ್ದವು.

1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದದ್ದರಿಂದ, ತಾವು ಇಲ್ಲೇ ಹುಟ್ಟಿದವರೆಂದು ಹೇಳಿಕೊಂಡು ಪೌರತ್ವ ಪಡೆಯಲು ಹಲವು ಚೀನೀಯರಿಗೆ ಸಾಧ್ಯವಾಯಿತು. ಅವರು ಊರಿನಲ್ಲಿ ಇರದ ಮಕ್ಕಳನ್ನು ಇರುವಂತೆ ದಾಖಲಿಸಿ, ಆ ಹೆಸರುಗಳನ್ನು ಬೇರೆಯವರಿಗೆ ಮಾರುತ್ತಿದ್ದರು. ಕಾಗದದ ಮೇಲೆ ಮಾತ್ರ ಮಗನಾದ ಇಂಥವರನ್ನು ಪತ್ತೆಹಚ್ಚಲು ಅಧಿಕಾರಿಗಳು ಎರಡು ಮೂರು ದಿನ ನೂರಾರು ಪ್ರಶ್ನೆ ಕೇಳುತ್ತಿದ್ದರು: ಮನೆಯ ಮುಂದೆ ಮೆಟ್ಟಿಲುಗಳೆಷ್ಟು, ಅಕ್ಕಿಯ ಡಬ್ಬ ಯಾವ ಮೂಲೆಯಲ್ಲಿದೆ, ಮೂರನೆಯ ಸಾಲಿನ ಎರಡನೆಯ ಮನೆಯಲ್ಲಿ ಯಾರಿದ್ದಾರೆ. ತಂದೆಯನ್ನೋ ಸೋದರನನ್ನೋ ಪ್ರತ್ಯೇಕವಾಗಿ ಕರೆದು ಇದನ್ನೇ ಕೇಳಿ, ಉತ್ತರಗಳು ತಾಳೆಯಾಗದಿದ್ದರೆ ಪ್ರವೇಶ ನಿರಾಕರಿಸುತ್ತಿದ್ದರು. ನಿಜವಾದ ಮಗನಿಗೂ ಊರಿನ ಮೆಟ್ಟಿಲುಗಳ ಲೆಕ್ಕ ತಪ್ಪಬಹುದಾದ್ದರಿಂದ ಸಾಚಾ ಜನರೂ ಉರುಹೊಡೆಯಲೇಬೇಕಾಗಿತ್ತು. ಉರುಹೊಡೆಯುವ ಪುಸ್ತಕಗಳನ್ನು ಹಡಗು ದಡ ಸೇರುವ ಮುನ್ನ ಕಡಲಿಗೆ ಎಸೆಯುತ್ತಿದ್ದರು. ಮರೆತುದನ್ನು ನೆನಪಿಸುವ ಚೀಟಿಗಳು ಅಡುಗೆಮನೆಯ ಚೀನೀ ಕೆಲಸಗಾರರ ಮೂಲಕ ಒಳಗೆ ನುಸುಳುತ್ತಿದ್ದವು. ಬಂಧಿತರ ಊಟದ ವೆಚ್ಚ ಹಡಗು ಕಂಪನಿಗಳ ಮೇಲೆಯೇ ಬೀಳುತ್ತಿದ್ದುದರಿಂದ ಗುತ್ತಿಗೆಯ ದರ ಕನಿಷ್ಠವಾಗಿತ್ತು, ಊಟ ಅದಕ್ಕೆ ತಕ್ಕಂತಿತ್ತು. 1919ರಲ್ಲಿ ಊಟದ ಕಾರಣಕ್ಕೆ ದಂಗೆಯೇ ಎದ್ದು ಸೈನಿಕರನ್ನು ಕರೆಸಬೇಕಾಯಿತು. ಠಾಣೆಯ ಸಿಬ್ಬಂದಿಯನ್ನೂ ಆ ಕಾಲದ ಕಾನೂನು ಬಿಟ್ಟಿರಲಿಲ್ಲ. ಮಹಿಳಾ ವಿಭಾಗದಲ್ಲಿ ದುಭಾಷಿಯಾಗಿ ನೆರವಾಗುತ್ತಿದ್ದ ತಾಯ್ ಲ್ಯೂಂಗ್ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದ ಮೊದಲ ಚೀನೀ ಮಹಿಳೆಯೆಂದು 1912ರಲ್ಲಿ ಹೆಸರಾದರು. ಅದೇ ಠಾಣೆಯ ಬಿಳಿಯ ಅಧಿಕಾರಿ ಚಾರ್ಲ್ಸ್ ಶುಲ್ಜೆಯವರನ್ನು ಮದುವೆಯಾಗಲು ಕ್ಯಾಲಿಫೋರ್ನಿಯಾದಲ್ಲಿ ಅವಕಾಶವಿಲ್ಲದೆ ಬೇರೆ ರಾಜ್ಯಕ್ಕೆ ಹೋಗಬೇಕಾಯಿತು, ಮರಳಿದಾಗ ಇಬ್ಬರ ನೌಕರಿಯೂ ಹೋಯಿತು.

ಬಂಧಿತರ ವಾಸದ ಕಟ್ಟಡದ ಮರದ ಗೋಡೆಗಳ ಮೇಲೆ ಉಳಿದಿರುವ ಚೀನೀ ಕವಿತೆಗಳು ಇಡೀ ದ್ವೀಪದ ಅತ್ಯಮೂಲ್ಯ ಆಸ್ತಿ. ಮೊದಮೊದಲು ಮಸಿಯಲ್ಲಿ ಬರೆದವುಗಳನ್ನು ಅಧಿಕಾರಿಗಳು ಗೀಚಾಟವೆಂದು ಬಗೆದು ಬಣ್ಣ ಬಳಿಸಿದರು. ಬಂಧಿತರು ಚಾಕುವಿನಿಂದ ಅಕ್ಷರಗಳನ್ನು ಮರದೊಳಕ್ಕೆ ಕೊರೆಯತೊಡಗಿದರು. ಆ ಕೊರೆತಗಳಿಗೆ ಪುಟ್ಟಿ ಮೆತ್ತಿಸಿ ಮತ್ತೆ ಬಣ್ಣ ಹೊಡೆಸಲಾಯಿತು. ವರ್ಷಗಳು ಕಳೆದಂತೆ ಪುಟ್ಟಿ ಒಣಗಿ ಕುಗ್ಗಿ, ಬಣ್ಣದ ಪದರಗಳ ಕೆಳಗಿನಿಂದಲೇ ಅಕ್ಷರಗಳ ತಗ್ಗುಗಳು ತಿರುಗಿ ತೋರಿದವು. ಅಳಿಸಲೆಂದು ಬಳಿದ ಆ ಬಣ್ಣ ಮತ್ತು ಪುಟ್ಟಿಗಳೇ ಮರವನ್ನು ಹಾಳಾಗದಂತೆ ಕಾಪಾಡಿದ್ದವು. ಓರೆಬೆಳಕು ಬಿದ್ದಾಗ ಮಾತ್ರ ಸ್ಪಷ್ಟವಾಗಿ ಓದಲು ಬರುವ ಈ ಪದ್ಯಗಳು ಬಹುತೇಕ ಹೆಸರಿಲ್ಲದವು, ಶಾಸ್ತ್ರೀಯ ಛಂದಸ್ಸಿನಲ್ಲಿ ರಚಿತವಾದವು. ಹಳ್ಳಿಯ ಶಾಲೆಯಲ್ಲಿ ಸ್ವಲ್ಪ ಕಾಲ ಓದಿದ ಸಾಮಾನ್ಯ ಜನ ಇಷ್ಟು ಬಿಗಿಯಾದ ಬಂಧದಲ್ಲಿ ತಮ್ಮ ಅವಮಾನವನ್ನು ನುಡಿದರೆಂಬುದು ಯಾವ ಸಾಹಿತ್ಯಾಸಕ್ತರನ್ನಾದರೂ ಅಲುಗಾಡಿಸಬೇಕು.

ಭಾರತೀಯರ ಪಾಡು ಇನ್ನೊಂದು ಬಗೆಯದು. ಠಾಣೆಯ ಕಾಲದಲ್ಲಿ ಇಲ್ಲಿಗೆ ಬಂದ ಸುಮಾರು ಎಂಟು ಸಾವಿರ ದಕ್ಷಿಣ ಏಷ್ಯನ್ನರಲ್ಲಿ ಹೆಚ್ಚಿನವರು ಪಂಜಾಬಿನ ರೈತರು, ಅವರಲ್ಲಿ ಬಹುಪಾಲು ಸಿಖ್ಖರು. ಯಾವ ಧರ್ಮದವರಾದರೂ ದಾಖಲೆಗಳಲ್ಲಿ ಎಲ್ಲರೂ ಹಿಂದೂಗಳೇ. ಚೀನೀಯರ ವಿರುದ್ಧ ಇದ್ದಂಥ ಪ್ರತ್ಯೇಕ ನಿಷೇಧ ಕಾನೂನು ಮೊದಲಿಗೆ ಇವರ ಮೇಲೆ ಇರಲಿಲ್ಲ. ಆದ್ದರಿಂದ ಮುಂದೆ ಸರ್ಕಾರಕ್ಕೆ ಹೊರೆಯಾಗಬಹುದಾದವರು ಎಂಬ ಸಾಮಾನ್ಯ ನಿಯಮವನ್ನೂ, ಕರುಳಿನಲ್ಲಿ ಕೊಕ್ಕೆಹುಳು ಇದೆಯೆಂಬ ವೈದ್ಯಕೀಯ ಕಾರಣವನ್ನೂ ಹಿಗ್ಗಿಸಿ ಬಳಸಲಾಯಿತು. ಠಾಣೆಯ ಮುಖ್ಯಾಧಿಕಾರಿ ಹಾರ್ಟ್ ಹಯಾಟ್ ನಾರ್ತ್ ಭಾರತೀಯರನ್ನು ಕಾನೂನಿನಂತೆ ಒಳಬಿಡುತ್ತಿದ್ದಾರೆಂದು ಏಷ್ಯನ್ ವಿರೋಧಿ ಸಂಘಟನೆಗಳು ಗದ್ದಲ ಎಬ್ಬಿಸಿ ಅವರನ್ನು ಹುದ್ದೆಯಿಂದ ಕೆಳಗಿಳಿಸಿದವು. ಅದರ ಪರಿಣಾಮ ಕೂಡಲೇ ಕಂಡಿತು: 1911ರಿಂದ 1915ರ ನಡುವೆ ಬಂದ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಪ್ರವೇಶ ದೊರೆಯಲಿಲ್ಲ; ಠಾಣೆಗೆ ಬಂದ ಯಾವ ಸಮುದಾಯಕ್ಕೂ ಇಷ್ಟು ಪ್ರಮಾಣದ ನಿರಾಕರಣೆ ಆಗಿರಲಿಲ್ಲ. 1917ರ ಕಾನೂನು ಏಷ್ಯಾದ ಬಹುಭಾಗವನ್ನೇ ನಿರ್ಬಂಧಿತ ವಲಯವೆಂದು ಸಾರಿ ಬಾಗಿಲನ್ನು ಮುಚ್ಚಿತು. ನೀರಿನಾಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1913ರ ನವೆಂಬರ್‌ನಿಂದ, ಬ್ರಿಟಿಷ್ ಆಳ್ವಿಕೆಯನ್ನು ವಿರೋಧಿಸಿದ ಭಾರತೀಯ ವಲಸಿಗರ ಗದರ್ ಪತ್ರಿಕೆ ಹೊರಬರುತ್ತಿದ್ದುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು; ಬ್ರಿಟಿಷ್ ಪ್ರಜೆಯಾಗಿದ್ದೂ ಬ್ರಿಟನ್ನಿನಿಂದ ರಕ್ಷಣೆ ಸಿಗದೆಂಬುದು ಆ ಕಾರ್ಮಿಕರಿಗೆ ಅನುಭವದಿಂದ ತಿಳಿದಿತ್ತು.

ಹಣವಿದ್ದವರಿಗೂ ಈ ಕಟ್ಟಡ ತಪ್ಪಲಿಲ್ಲ. ಪೇಶಾವರದ ವೈಷ್ಣೋದಾಸ್ ಬಾಗೈ 1915ರಲ್ಲಿ ಪತ್ನಿ ಕಲಾ ಬಾಗೈ ಮತ್ತು ಮೂವರು ಗಂಡುಮಕ್ಕಳೊಂದಿಗೆ ಬಂದಾಗ ಅವರ ಬಳಿ 25,000 ಡಾಲರ್ ಇದ್ದುದನ್ನು ತೋರಿಸಿದ ಮೇಲೂ ಕುಟುಂಬವನ್ನು ಕೆಲವು ದಿನ ದ್ವೀಪದಲ್ಲಿ ಇರಿಸಲಾಯಿತು. ಬಿಡುಗಡೆಯಾದಾಗ ಪತ್ರಿಕೆಗಳಿಗೆ ಸುದ್ದಿಯಾದದ್ದು ಕಲಾ ಬಾಗೈ ಅವರ ವಜ್ರದ ಮೂಗುಬೊಟ್ಟು. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಬಳಿಕ, ವೈಷ್ಣೋದಾಸ್ ಪಡೆದಿದ್ದ ಪೌರತ್ವ ರದ್ದಾಯಿತು, ಆಸ್ತಿ ಕೈತಪ್ಪಿತು; 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಬರ್ಕ್ಲಿ ನಗರದ ಒಂದು ರಸ್ತೆಗೆ ಈಚಿನ ವರ್ಷಗಳಲ್ಲಿ ಕಲಾ ಬಾಗೈ ಅವರ ಹೆಸರನ್ನು ಇಡಲಾಗಿದೆ. ವರ್ಷಕ್ಕೆ ನೂರು ಭಾರತೀಯರಿಗೆ ಪ್ರವೇಶ ಮತ್ತು ಪೌರತ್ವದ ಹಕ್ಕು ದೊರೆತದ್ದು 1946ರಲ್ಲಿ. ಇಂದು ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಬರವಿಗೆ ದಾರಿ ತೆರೆದದ್ದು ದೇಶವಾರು ಹಳೆಯ ಮಿತಿಗಳನ್ನು ತೆಗೆದುಹಾಕಿದ 1965ರ ಕಾನೂನು.

1940ರ ಆಗಸ್ಟ್‌ನಲ್ಲಿ ಆಡಳಿತ ಕಟ್ಟಡ ಬೆಂಕಿಗೆ ಆಹುತಿಯಾಗಿ, ಅದೇ ವರ್ಷದ ನವೆಂಬರ್‌ನಲ್ಲಿ ಠಾಣೆ ಮುಚ್ಚಿತು. ಯುದ್ಧಕಾಲದಲ್ಲಿ ಅಲ್ಲಿ ಯುದ್ಧಕೈದಿಗಳಿದ್ದರು. 1946ರಲ್ಲಿ ಸೈನ್ಯ ದ್ವೀಪವನ್ನು ಬಿಟ್ಟಿತು. 1954ರಲ್ಲಿ ಮರಳಿ ಬಂದು ಶಿಖರದ ನೆತ್ತಿಯನ್ನು ಸಪಾಟು ಮಾಡಿ ನೈಕಿ ಕ್ಷಿಪಣಿಗಳ ನೆಲೆ ಸ್ಥಾಪಿಸಿ, 1962ರಲ್ಲಿ ಅದನ್ನೂ ತೊರೆಯಿತು. ಅಯಾಲ ಕೋವ್ ಸುತ್ತಲಿನ ಸ್ವಲ್ಪ ನೆಲ 1955ರಲ್ಲೇ ರಾಜ್ಯ ಉದ್ಯಾನವಾಗಿತ್ತು. 1963ರ ಹೊತ್ತಿಗೆ, ಕರಾವಳಿ ಕಾವಲು ಪಡೆಯ ತುಣುಕುಗಳನ್ನು ಬಿಟ್ಟು, ಉಳಿದುದೆಲ್ಲ ಉದ್ಯಾನಕ್ಕೆ ಸೇರಿತು. ಕತ್ತರಿಸಿದ್ದ ಶಿಖರಕ್ಕೆ ಮಣ್ಣು ತುಂಬಿ ಹಳೆಯ ಆಕಾರ ಕೊಟ್ಟದ್ದು 2002ರಲ್ಲಿ. ಸೈನ್ಯ ಬಿಟ್ಟುಹೋದ ಇತರ ಸಂಗತಿಗಳನ್ನು ಸರಿಪಡಿಸುವುದು ಇಷ್ಟು ಸುಲಭವಾಗಲಿಲ್ಲ. ನೆರಳಿಗಾಗಿ ನೆಟ್ಟ ನೀಲಗಿರಿ ಮರಗಳು ಎಂಬತ್ತು ಎಕರೆಗೂ ಹೆಚ್ಚು ಹಬ್ಬಿ ಸ್ಥಳೀಯ ಗಿಡಗಳನ್ನು ಅದುಮಿದ್ದರಿಂದ 1990ರ ದಶಕದಲ್ಲಿ ಅವುಗಳ ಬಹುಭಾಗವನ್ನು ಕಡಿಯಬೇಕಾಯಿತು. ಬೇಟೆಗೆಂದು 1915ರಲ್ಲಿ ತಂದುಬಿಟ್ಟ ಜಿಂಕೆಗಳು, ತಿನ್ನುವ ಪ್ರಾಣಿಗಳಿಲ್ಲದ ಕಾರಣ, ಮೇವು ಸಾಲದೆ ಸಾಯುವಷ್ಟು ಬೆಳೆದವು. 1981ರಲ್ಲಿ ಇನ್ನೂರಕ್ಕೂ ಹೆಚ್ಚು ಜಿಂಕೆಗಳನ್ನು ಹಿಡಿದು ಮುಖ್ಯಭೂಮಿಯ ಕಾಡಿಗೆ ಸಾಗಿಸಿದರೆ, ಅವುಗಳಲ್ಲಿ ಹೆಚ್ಚಿನವು ವರ್ಷದೊಳಗೆ ಸತ್ತವು. 2008ರ ಅಕ್ಟೋಬರ್‌ನ ಕಾಡ್ಗಿಚ್ಚು ದ್ವೀಪದ ಅರ್ಧದಷ್ಟನ್ನು ಸುಟ್ಟರೂ ಅಗ್ನಿಶಾಮಕದವರ ದುಡಿಮೆಯಿಂದ ಚಾರಿತ್ರಿಕ ಕಟ್ಟಡಗಳು ಉಳಿದವು.

ಇಂದಿನ ಆರ್ಥಿಕತೆ ದೋಣಿಯ ವೇಳಾಪಟ್ಟಿಯನ್ನು ಅವಲಂಬಿಸಿದೆ. ಟಿಬುರಾನಿನಿಂದ ಒಂದೇ ಕುಟುಂಬ 1959ರಿಂದ ಫೆರ್ರಿ ನಡೆಸುತ್ತಿದೆ, ಸ್ಯಾನ್ ಫ್ರಾನ್ಸಿಸ್ಕೊದಿಂದ ಸಾರ್ವಜನಿಕ ಸಂಸ್ಥೆಯಾದ ಗೋಲ್ಡನ್ ಗೇಟ್ ಫೆರ್ರಿ ಬರುತ್ತದೆ. ಉದ್ಯಾನದ ಪ್ರವೇಶ ಶುಲ್ಕ ಟಿಕೆಟಿನಲ್ಲೇ ಸೇರಿರುತ್ತದೆ. ಖಾಸಗಿ ಕಾರಿಗೆ ಅವಕಾಶವಿಲ್ಲದ ದ್ವೀಪದಲ್ಲಿ ಸುತ್ತುರಸ್ತೆಯ ಐದು ಮೈಲಿಗಳನ್ನು ಜನ ನಡೆದೋ ಬಾಡಿಗೆ ಸೈಕಲ್ಲಿನಲ್ಲೋ ಕ್ರಮಿಸುತ್ತಾರೆ, ಡೇರೆ ಹಾಕಲು ಕೆಲವು ಜಾಗಗಳಿವೆ, ಉಪಾಹಾರಗೃಹವೊಂದಿದೆ. ಚಳಿಗಾಲದಲ್ಲಿ ದೋಣಿಗಳು ಕಡಿಮೆಯಾದರೆ ಉಳಿದೆಲ್ಲ ವರಮಾನವೂ ಅದರೊಂದಿಗೆ ಇಳಿಯುತ್ತದೆ. ಜನರನ್ನು ತಡೆಯಲು ಆರಿಸಿದ್ದ ಜಾಗ ಈಗ ಜನ ಬರುವುದರಿಂದಲೇ ಬದುಕುತ್ತಿದ್ದರೂ, ಹಳೆಯ ಕಟ್ಟಡಗಳ ದುರಸ್ತಿಗೆ ಈ ಆದಾಯ ಸಾಲುವುದಿಲ್ಲ. ಅದಕ್ಕೆ ಸರ್ಕಾರದ ಅನುದಾನವೂ ದಾನಿಗಳ ಹಣವೂ ಬೇಕು.

ವಲಸೆ ಠಾಣೆ ಉಳಿದುಕೊಂಡದ್ದೂ ಹಾಗೆಯೇ. ಕೆಡವಲು ನಿಶ್ಚಯವಾಗಿದ್ದ ಆ ಕಟ್ಟಡವನ್ನು 1970ರಲ್ಲಿ ಉದ್ಯಾನದ ರೇಂಜರ್ ಅಲೆಕ್ಸಾಂಡರ್ ವೈಸ್ ಟಾರ್ಚ್ ಹಿಡಿದು ಹೊಕ್ಕಾಗ ಗೋಡೆಯ ಅಕ್ಷರಗಳು ಕಂಡವು. ಮೇಲಧಿಕಾರಿಗಳು ಆಸಕ್ತಿ ತೋರದಿದ್ದಾಗ ಅವರು ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಜಾರ್ಜ್ ಅರಾಕಿಯವರಿಗೆ ತಿಳಿಸಿದರು. ಏಷ್ಯನ್ ಸಮುದಾಯಗಳ ಒತ್ತಾಯದಿಂದ 1976ರಲ್ಲಿ ರಾಜ್ಯ ಶಾಸನಸಭೆ 2,50,000 ಡಾಲರ್ ಮಂಜೂರು ಮಾಡಿತು. ಹಿಮ್ ಮಾರ್ಕ್ ಲಾಯ್, ಜೆನ್ನಿ ಲಿಮ್ ಮತ್ತು ಜೂಡಿ ಯುಂಗ್ 1980ರಲ್ಲಿ ಕವಿತೆಗಳನ್ನು ಪುಸ್ತಕವಾಗಿ ಹೊರತಂದರು. 1997ರಲ್ಲಿ ಠಾಣೆಗೆ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕದ ಸ್ಥಾನ ದೊರೆಯಿತು. ಆಸ್ಪತ್ರೆಯ ಕಟ್ಟಡ 2022ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇನ್ನೂರಕ್ಕೂ ಹೆಚ್ಚು ಚೀನೀ ಕವಿತೆಗಳ ಜೊತೆಗೆ ಜಪಾನಿ, ಕೊರಿಯನ್, ರಷ್ಯನ್, ಪಂಜಾಬಿ ಬರಹಗಳೂ ಗೋಡೆಗಳ ಮೇಲೆ ಪತ್ತೆಯಾಗಿವೆ. ಪ್ರಶ್ನೋತ್ತರಗಳ ಮೂಲ ಕಡತಗಳು, ಭಾವಚಿತ್ರಗಳ ಸಮೇತ, ವಿಮಾನ ನಿಲ್ದಾಣದ ಸಮೀಪದ ಸ್ಯಾನ್ ಬ್ರೂನೊದಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಶಾಖೆಯಲ್ಲಿವೆ. ಚೀನೀ ಕುಟುಂಬಗಳ ಮೂರನೆಯ, ನಾಲ್ಕನೆಯ ತಲೆಮಾರಿನವರು ಅಜ್ಜನ ನಿಜವಾದ ಹೆಸರನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ಅದೇ ಸಂಗ್ರಹದಲ್ಲಿರುವ ಭಾರತೀಯರ ಕಡತಗಳನ್ನು ಭಾರತೀಯ ಭಾಷೆಗಳ ಸಂಶೋಧಕರು ಇನ್ನೂ ಹೆಚ್ಚಾಗಿ ಓದಿ ಪ್ರಕಟಿಸಬೇಕಾಗಿದೆ.